ಉಡುಗೊರೆಯಾಗಿ ಬಂದ ಅಪರಿಚಿತ ಸ್ಕಾಚ್ ಬಾಟಲಿಯನ್ನು ಓದುವ ಬಗೆ

ನನ್ನ ಸೋದರಮಾವ ತಮ್ಮ ಹಳೆಯ ಮನೆಯನ್ನು ಖಾಲಿ ಮಾಡುವಾಗ ಬೀರುವಿನ ಮೇಲಿನ ಅರೆಯಿಂದ ಒಂದು ಬಾಟಲಿಯನ್ನು ತೆಗೆದು ನನ್ನ ಕೈಗಿತ್ತರು. ಕಂದು ಗಾಜಿನ, ಕುಳ್ಳನೆಯ, ಚೌಕಾಕಾರದ ಬಾಟಲಿ. ಅದರ ಮೈಮೇಲೆಲ್ಲ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಬಿರುಕುಗಳಂತಹ ಗೆರೆಗಳು. ಮುಂದಿನ ಲೇಬಲ್ಲಿನಲ್ಲಿ ‘ಗ್ರ್ಯಾಂಡ್ ಓಲ್ಡ್ ಪಾರ್’ ಎಂಬ ಹೆಸರು, ಹಿಂದೆ ಬಿಳಿಗಡ್ಡದ ಮುದುಕನೊಬ್ಬನ ಚಿತ್ರ, ಜೊತೆಗೆ 1483 ಮತ್ತು 1635 ಎಂಬ ಎರಡು ಇಸವಿಗಳು. ಮೂರು ದಶಕಗಳಿಗೂ ಹಿಂದೆ ಉದ್ಯೋಗದ ಮೇಲೆ ಜಪಾನಿನಲ್ಲಿದ್ದಾಗ ಅಲ್ಲಿನ ಸಹೋದ್ಯೋಗಿಯೊಬ್ಬರು ಬೀಳ್ಕೊಡುಗೆಯಾಗಿ ಕೊಟ್ಟದ್ದೆಂಬುದನ್ನು ಬಿಟ್ಟರೆ ಮಾವನಿಗೆ ಅದರ ಬಗ್ಗೆ ಏನೂ ತಿಳಿದಿರಲಿಲ್ಲ. ಅವರು ಕುಡಿಯುವವರಲ್ಲ, ಆದರೆ ಕೊಟ್ಟದ್ದನ್ನು ಎಸೆಯುವವರೂ ಅಲ್ಲ.

ಇಂತಹ ಬಾಟಲಿ ಕೈಗೆ ಬಂದಾಗ ಹೆಚ್ಚಿನವರು ಮಾಡುವ ಮೊದಲ ಕೆಲಸವೆಂದರೆ ಅದರ ಬೆಲೆಯೆಷ್ಟೆಂದು ಹುಡುಕುವುದು. ಬೆಲೆ ತಿಳಿಯಬೇಕಾದರೂ ಅದಕ್ಕೆ ಮೊದಲು ತಿಳಿಯಬೇಕಾದ ಸಂಗತಿಗಳಿವೆ: ಅದು ನಿಜಕ್ಕೂ ಸ್ಕಾಚ್ ಹೌದೇ, ಸ್ಕಾಚಿನಲ್ಲಿ ಯಾವ ಬಗೆಯದು, ತಯಾರಿಸಿದವರು ಯಾರು, ಬಾಟಲಿಗೆ ತುಂಬಿದ್ದು ಸುಮಾರು ಯಾವ ಕಾಲದಲ್ಲಿ. ಈ ಪ್ರಶ್ನೆಗಳಿಗೆ ಉತ್ತರ ಬಹುಪಾಲು ಬಾಟಲಿಯ ಮೇಲೆಯೇ ಇರುತ್ತದೆ. ಆದರೆ ಅದು ನಮ್ಮ ಕಣ್ಣು ಮೊದಲು ಹೋಗುವ ಕಡೆ ಇರುವುದಿಲ್ಲ. ದೊಡ್ಡ ಅಕ್ಷರಗಳನ್ನು ಬರೆಯಿಸುವವನು ವ್ಯಾಪಾರಿ. ಕೆಳಗಿನ ಚಿಕ್ಕ ಅಕ್ಷರಗಳನ್ನು ಬರೆಯಿಸುವುದು ಕಾನೂನು ಮತ್ತು ತೆರಿಗೆ ಇಲಾಖೆ. ಆದ್ದರಿಂದ ಬಾಟಲಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಒಳ್ಳೆಯ ಅಭ್ಯಾಸ.

ನಾನಂತೂ ಮೊದಲ ಸಲ ಮೇಲಿನಿಂದಲೇ ಓದಿ ಮೋಸಹೋದೆ. ಪಾರ್ ಎಂಬುವನು ಈ ವಿಸ್ಕಿಯನ್ನು ಮೊದಲು ಬಟ್ಟಿ ಇಳಿಸಿದವನಿರಬೇಕು, 1483 ಕಾರ್ಖಾನೆ ಹುಟ್ಟಿದ ವರ್ಷವಿರಬೇಕು ಎಂದುಕೊಂಡಿದ್ದೆ. ಅಸಲಿಗೆ ಥಾಮಸ್ ಪಾರ್ ಸ್ಕಾಟ್ಲೆಂಡಿನವನೇ ಅಲ್ಲ. ಇಂಗ್ಲೆಂಡಿನ ಶ್ರಾಪ್‌ಶೈರ್‌ನ ರೈತ. 152 ವರ್ಷ ಬದುಕಿದನೆಂದು ಪ್ರತೀತಿ. 1635ರಲ್ಲಿ ಅರುಂಡೆಲ್‌ನ ಅರ್ಲ್ ಅವನನ್ನು ಲಂಡನ್ನಿಗೆ ಕರೆತಂದು ದೊರೆ ಮೊದಲನೆಯ ಚಾರ್ಲ್ಸ್‌ನ ಮುಂದೆ ನಿಲ್ಲಿಸಿದ. ಕೆಲವೇ ವಾರಗಳಲ್ಲಿ ಮುದುಕ ತೀರಿಕೊಂಡ. ರಕ್ತಪರಿಚಲನೆಯನ್ನು ವಿವರಿಸಿದ ವಿಲಿಯಂ ಹಾರ್ವೆಯೇ ಅವನ ಶವಪರೀಕ್ಷೆ ನಡೆಸಿದ. ಸಮಾಧಿ ಇರುವುದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. ಅವನ ವಯಸ್ಸಿನ ಲೆಕ್ಕವನ್ನು ಇಂದಿನ ವಿದ್ವಾಂಸರು ಯಾರೂ ಒಪ್ಪುವುದಿಲ್ಲವೆನ್ನುವುದು ಬೇರೆ ಮಾತು. ಗ್ರೀನ್‌ಲೀಸ್ ಸಹೋದರರು ತಮ್ಮ ವಿಸ್ಕಿಗೆ ಅವನ ಹೆಸರಿಟ್ಟದ್ದು 1909ರಲ್ಲಿ, ದೀರ್ಘಾಯುಷ್ಯದ ಆ ಖ್ಯಾತಿಗಾಗಿ ಮಾತ್ರ. ಲೇಬಲ್ಲಿನ ಮೇಲೆ ಕಾಣುವ ಎಲ್ಲ ಸಂಖ್ಯೆಗಳೂ ವಿಸ್ಕಿಯ ವಯಸ್ಸಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ವ್ಯಾಟ್ 69ರ 69 ಕೂಡ ವರ್ಷವಲ್ಲ. ಲೀತ್ ಬಂದರಿನ ವಿಲಿಯಂ ಸ್ಯಾಂಡರ್ಸನ್ 1882ರಲ್ಲಿ ಹಲವಾರು ಮಿಶ್ರಣಗಳನ್ನು ಸಿದ್ಧಪಡಿಸಿ ರುಚಿ ನೋಡಿಸಿದಾಗ ಎಲ್ಲರೂ ಮೆಚ್ಚಿದ ಪೀಪಾಯಿಯ ಸಂಖ್ಯೆ ಅದೆಂದು ಹೇಳುತ್ತಾರೆ. ‘ರೇರ್’, ‘ಫೈನೆಸ್ಟ್’, ‘ಡಿ ಲಕ್ಸ್’, ‘ರಿಸರ್ವ್’ ಮೊದಲಾದ ವಿಶೇಷಣಗಳಿಗೂ ಸ್ಕಾಚ್ ಕಾನೂನಿನಲ್ಲಿ ನಿಗದಿಯಾದ ಅರ್ಥವಿಲ್ಲ. ನನ್ನ ಬಾಟಲಿಯ ಮೇಲಿನ ‘ರಿಯಲ್ ಆಂಟಿಕ್ ಅಂಡ್ ರೇರ್ ಓಲ್ಡ್’ ಎಂಬ ಬಿರುದಾವಳಿಯನ್ನು ಆಸ್ಥಾನದ ಹೊಗಳುಭಟರ ಮಾತಿನಷ್ಟೇ ಗಂಭೀರವಾಗಿ ಸ್ವೀಕರಿಸಬೇಕು.

ಕಾನೂನಿಗೆ ಬದ್ಧವಾಗಿರುವ ಪದವೆಂದರೆ ‘ಸ್ಕಾಚ್ ವಿಸ್ಕಿ’. ಇಂದು ಇದನ್ನು ನಿಯಂತ್ರಿಸುವುದು ಬ್ರಿಟನ್ನಿನ 2009ರ ಸ್ಕಾಚ್ ವಿಸ್ಕಿ ನಿಯಮಾವಳಿ. ಅದರ ಪ್ರಕಾರ ಬಟ್ಟಿ ಇಳಿಸುವುದೂ ಪಕ್ವಗೊಳಿಸುವುದೂ ಸ್ಕಾಟ್ಲೆಂಡಿನಲ್ಲಿಯೇ ಆಗಬೇಕು. 700 ಲೀಟರಿಗಿಂತ ದೊಡ್ಡದಲ್ಲದ ಓಕ್ ಪೀಪಾಯಿಗಳಲ್ಲಿ ಕನಿಷ್ಠ 3 ವರ್ಷ ಇರಬೇಕು. ಮದ್ಯಸಾರದ ಪ್ರಮಾಣ ಶೇ. 40ಕ್ಕಿಂತ ಕಡಿಮೆಯಾಗಬಾರದು, ನೀರು ಮತ್ತು ಬಣ್ಣಕ್ಕಾಗಿ ಬಳಸುವ ಸಾದಾ ಕ್ಯಾರಮೆಲ್ ಬಿಟ್ಟು ಬೇರೇನನ್ನೂ ಸೇರಿಸಬಾರದು. ಬಾಟಲಿಯ ವಿಸ್ಕಿಯ ಕಡುಬಣ್ಣವನ್ನು ನೋಡಿ ಅದರ ವಯಸ್ಸನ್ನು ಊಹಿಸುವವರು ಈ ಕ್ಯಾರಮೆಲ್ಲನ್ನು ನೆನಪಿನಲ್ಲಿಡಬೇಕು.

ಇದೇ ನಿಯಮಾವಳಿ ಸ್ಕಾಚನ್ನು ಐದು ವರ್ಗಗಳಾಗಿ ವಿಂಗಡಿಸಿ, ವರ್ಗದ ಹೆಸರನ್ನು ಲೇಬಲ್ಲಿನಲ್ಲಿ ಸ್ಪಷ್ಟವಾಗಿ ಮುದ್ರಿಸಲೇಬೇಕೆಂದು ವಿಧಿಸಿತು. ಮೊಳಕೆ ಬರಿಸಿದ ಬಾರ್ಲಿಯೊಂದರಿಂದಲೇ, ಒಂದೇ ಭಟ್ಟಿಯಲ್ಲಿ, ಹಂಡೆಯಂತಹ ತಾಮ್ರದ ಪಾತ್ರೆಗಳಲ್ಲಿ ಕಂತುಕಂತಾಗಿ ಬಟ್ಟಿ ಇಳಿಸಿದ್ದು ಸಿಂಗಲ್ ಮಾಲ್ಟ್. ಒಂದೇ ಭಟ್ಟಿಯಲ್ಲಿ, ಆದರೆ ಗೋಧಿ ಅಥವಾ ಮೆಕ್ಕೆಜೋಳದಂತಹ ಧಾನ್ಯವನ್ನೂ ಬಳಸಿ, ಸಾಮಾನ್ಯವಾಗಿ ಎತ್ತರದ ಕಂಬದಂತಹ ಯಂತ್ರದಲ್ಲಿ ನಿರಂತರವಾಗಿ ಇಳಿಸಿದ್ದು ಸಿಂಗಲ್ ಗ್ರೇನ್. ‘ಸಿಂಗಲ್’ ಎಂಬ ಮಾತು ಇಲ್ಲಿ ಭಟ್ಟಿಯ ಸಂಖ್ಯೆಯನ್ನು ಹೇಳುತ್ತದೆಯೇ ಹೊರತು ಪೀಪಾಯಿಯ ಸಂಖ್ಯೆಯನ್ನಲ್ಲ. ಬೇರೆ ಬೇರೆ ಭಟ್ಟಿಗಳ ಮಾಲ್ಟ್‌ಗಳನ್ನು ಮಾತ್ರ ಕೂಡಿಸಿದರೆ ಬ್ಲೆಂಡೆಡ್ ಮಾಲ್ಟ್, ಗ್ರೇನ್‌ಗಳನ್ನು ಮಾತ್ರ ಕೂಡಿಸಿದರೆ ಬ್ಲೆಂಡೆಡ್ ಗ್ರೇನ್. ಮಾಲ್ಟ್ ಮತ್ತು ಗ್ರೇನ್ ಎರಡೂ ಬೆರೆತದ್ದು ಬ್ಲೆಂಡೆಡ್ ಸ್ಕಾಚ್ ವಿಸ್ಕಿ. ಉಡುಗೊರೆಯಾಗಿ ಬರುವ ಬಾಟಲಿಗಳಲ್ಲಿ ಹೆಚ್ಚಿನವು ಈ ಕೊನೆಯ ವರ್ಗಕ್ಕೆ ಸೇರಿದವು. ‘ಮಾಲ್ಟ್’ ಎಂಬ ಒಂದು ಪದ ನಡುವೆ ಇದೆಯೋ ಇಲ್ಲವೋ ಎಂಬುದರ ಮೇಲೆ ಬಾಟಲಿಯೊಳಗಿನ ವಸ್ತುವೇ ಬದಲಾಗುವುದರಿಂದ ಆ ಸಾಲನ್ನು ಎರಡು ಸಲ ಓದುವುದು ಒಳಿತು. ‘ವ್ಯಾಟೆಡ್ ಮಾಲ್ಟ್’ ಅಥವಾ ‘ಪ್ಯೂರ್ ಮಾಲ್ಟ್’ ಎಂದು ಬರೆದಿದ್ದರೆ ಅದು ಈ ನಿಯಮಾವಳಿ ಜಾರಿಯಾಗುವ ಮುಂಚಿನ ಬಾಟಲಿಯೆಂದು ತಿಳಿಯಬಹುದು. ಸ್ಕಾಚಿಗೆ ಆ ಪದಗಳನ್ನು ಈಗ ಬಳಸುವಂತಿಲ್ಲ. ನನ್ನ ಬಾಟಲಿಯ ಮೇಲೆ ‘ಡಿ ಲಕ್ಸ್ ಸ್ಕಾಚ್ ವಿಸ್ಕಿ’ ಎಂದಷ್ಟೇ ಇತ್ತು, ವರ್ಗದ ಹೆಸರಿರಲಿಲ್ಲ. ಬಾಟಲಿ ಹಳೆಯದೆಂಬುದಕ್ಕೆ ಅದು ಮೊದಲ ಸುಳಿವು.

ಬ್ಲೆಂಡೆಡ್ ಎಂದರೆ ಕಲಬೆರಕೆ, ಆದ್ದರಿಂದ ಕೀಳು ಎಂಬ ಭಾವನೆ ನಮ್ಮಲ್ಲಿ ಬಹಳ ಜನರಿಗಿದೆ. ಈ ಮಿಶ್ರಣದ ಚರಿತ್ರೆ ತಿಳಿದರೆ ಹಾಗೆನ್ನಿಸದು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಸ್ಕಾಟ್ಲೆಂಡಿನ ಮಾಲ್ಟ್ ವಿಸ್ಕಿ ಒಂದೊಂದು ಪೀಪಾಯಿಗೆ ಒಂದೊಂದು ರುಚಿಯ, ಘಾಟಾದ ಪೇಯವಾಗಿತ್ತು. 1830ರ ಸುಮಾರಿಗೆ ಐನಿಯಸ್ ಕಾಫಿ ಪೇಟೆಂಟ್ ಪಡೆದ ನಿರಂತರ ಬಟ್ಟಿಯಂತ್ರದಿಂದ ಹಗುರವಾದ ಗ್ರೇನ್ ವಿಸ್ಕಿ ಅಗ್ಗವಾಗಿ ಸಿಗತೊಡಗಿತು. 1860ರ ಕಾನೂನು, ತೆರಿಗೆ ಕಟ್ಟುವ ಮುನ್ನ ಸರ್ಕಾರದ ಬೀಗದಲ್ಲಿರುವ ಗೋದಾಮಿನಲ್ಲಿಯೇ ಮಾಲ್ಟ್ ಮತ್ತು ಗ್ರೇನ್‌ಗಳನ್ನು ಬೆರೆಸಲು ಅವಕಾಶ ಕೊಟ್ಟಿತು. ಎಡಿನ್‌ಬರೊದ ಆಂಡ್ರ್ಯೂ ಅಷರ್ ಇದನ್ನು ಬಳಸಿಕೊಂಡ ಮೊದಲಿಗರಲ್ಲಿ ಪ್ರಮುಖ. ಆಮೇಲೆ ಬಂದವರಲ್ಲಿ ಹಲವರು ಭಟ್ಟಿಯವರಲ್ಲ, ಅಂಗಡಿಯವರು: ಕಿಲ್ಮಾರ್ನಾಕ್‌ನಲ್ಲಿ ದಿನಸಿ ಅಂಗಡಿಯಿಟ್ಟಿದ್ದ ವಾಕರ್, ಅಬರ್ಡೀನಿನ ಷಿವಾಸ್, ಎಡಿನ್‌ಬರೊದ ಬ್ಯಾಲಂಟೈನ್, ಪರ್ತ್‌ನ ಡ್ಯೂವರ್. ಚಹಾದ ಪುಡಿಗಳನ್ನು ಬೆರೆಸಿ ವರ್ಷವಿಡೀ ಒಂದೇ ರುಚಿ ಕೊಡುವ ಕೈ ಅಂಗಡಿಯವರದು. ಅದೇ ಕೌಶಲವನ್ನು ಅವರು ವಿಸ್ಕಿಗೂ ತಂದರು. ಗ್ರೇನನ್ನು ವಿಸ್ಕಿಯೆಂದು ಕರೆಯಬಹುದೇ ಎಂಬ ಜಗಳ ರಾಯಲ್ ಕಮಿಷನ್ ಎಂಬ ಸರ್ಕಾರಿ ವಿಚಾರಣಾ ಆಯೋಗದವರೆಗೂ ಹೋಗಿ, 1909ರಲ್ಲಿ ಹೌದೆಂಬ ತೀರ್ಮಾನವಾಯಿತು. ಓಲ್ಡ್ ಪಾರ್ ಹುಟ್ಟಿದ್ದೂ ಅದೇ ವರ್ಷ. ನಾವಿಂದು ವಿಸ್ಕಿಯ ಹೆಸರುಗಳೆಂದು ಓದುವ ಅನೇಕ ಹೆಸರುಗಳು ಹೀಗೆ ಒಂದು ಕಾಲದ ಅಂಗಡಿಗಳ ನಾಮಫಲಕಗಳು.

ಮುಂದಿನದು ವಯಸ್ಸು. ನನ್ನ ಬಾಟಲಿಯ ಮೇಲಿದ್ದಂತೆ ‘12 ಇಯರ್ಸ್ ಓಲ್ಡ್’ ಎಂದು ಬರೆದಿದ್ದರೆ ಮಿಶ್ರಣದಲ್ಲಿರುವ ಅತ್ಯಂತ ಎಳೆಯ ವಿಸ್ಕಿಯೂ 12 ವರ್ಷ ಪೀಪಾಯಿಯಲ್ಲಿತ್ತು ಎಂದರ್ಥ. ಅದು ಸರಾಸರಿಯಲ್ಲ. ಇಪ್ಪತ್ತು ವರ್ಷದ ವಿಸ್ಕಿಗೆ ಮೂರು ವರ್ಷದ್ದನ್ನು ಒಂದು ಚಮಚದಷ್ಟು ಬೆರೆಸಿದರೂ ಲೇಬಲ್ಲಿನಲ್ಲಿ ಬರೆಯಬಹುದಾದ ವಯಸ್ಸು ಮೂರೇ. ವಯಸ್ಸೇ ಬರೆದಿಲ್ಲವಾದರೆ ಕನಿಷ್ಠ ಮೂರು ವರ್ಷ ತುಂಬಿದೆಯೆಂದಷ್ಟೇ ಹೇಳಲು ಸಾಧ್ಯ. ಹಾಗಾದರೆ ಒಳಗೆ ಯಾವ ಯಾವ ಭಟ್ಟಿಯ, ಎಷ್ಟೆಷ್ಟು ವರ್ಷದ ವಿಸ್ಕಿ ಇದೆಯೆಂದು ತಯಾರಕರೇ ಏಕೆ ಹೇಳಬಾರದು? 2015ರಲ್ಲಿ ಕಂಪಾಸ್ ಬಾಕ್ಸ್ ಎಂಬ ಸಣ್ಣ ಕಂಪನಿ ತನ್ನ ಎರಡು ಮಿಶ್ರಣಗಳ ಪ್ರತಿ ಅಂಶದ ವಯಸ್ಸನ್ನೂ ಪ್ರಕಟಿಸಿದಾಗ, ಅತ್ಯಂತ ಎಳೆಯದರ ವಯಸ್ಸನ್ನು ಮಾತ್ರ ಹೇಳಬಹುದೆಂಬ ನಿಯಮ ಅಡ್ಡಬಂದು ಆ ಮಾಹಿತಿಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಗ್ರಾಹಕ ಮೋಸಹೋಗದಿರಲೆಂದು ಮಾಡಿದ ನಿಯಮ ಗ್ರಾಹಕನಿಗೆ ನಿಜವನ್ನು ಪೂರ್ತಿ ಹೇಳಲು ಅಡ್ಡಿಯಾದ ಈ ಪ್ರಸಂಗ ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ. ಏನಿದ್ದರೂ ಬ್ಲೆಂಡೆಡ್ ಬಾಟಲಿಯೊಂದರ ಒಳಗಿನ ಪಟ್ಟಿ ಪೂರ್ತಿಯಾಗಿ ಸಿಗುವುದಿಲ್ಲವೆಂದು ಮೊದಲೇ ಒಪ್ಪಿಕೊಂಡರೆ ಹುಡುಕಾಟದಲ್ಲಿ ಹೊತ್ತು ಉಳಿಯುತ್ತದೆ. ಹೆಚ್ಚೆಂದರೆ ಪ್ರಧಾನ ಮಾಲ್ಟ್ ಯಾವುದೆಂದು ಕಂಪನಿಗಳು ಹೇಳಿಕೊಳ್ಳುತ್ತವೆ. ಓಲ್ಡ್ ಪಾರ್‌ನಲ್ಲಿ ಅದು ಸ್ಪೇಸೈಡ್‌ನ ಕ್ರಾಗನ್‌ಮೋರ್, ಟೀಚರ್ಸ್‌ನಲ್ಲಿ ಆರ್ಡ್‌ಮೋರ್, ಡ್ಯೂವರ್ಸ್‌ನಲ್ಲಿ ಅಬರ್‌ಫೆಲ್ಡಿ.

ತಯಾರಕರ ಹೆಸರು ಸಾಮಾನ್ಯವಾಗಿ ಲೇಬಲ್ಲಿನ ತಳದಲ್ಲಿ ವಿಳಾಸದೊಡನೆ ಇರುತ್ತದೆ. ನನ್ನ ಬಾಟಲಿಯ ಮೇಲಿದ್ದದ್ದು ‘ಮ್ಯಾಕ್‌ಡೊನಾಲ್ಡ್ ಗ್ರೀನ್‌ಲೀಸ್ ಲಿಮಿಟೆಡ್’. ಈ ಹೆಸರನ್ನು ನಂಬಿ ಸ್ವತಂತ್ರ ಕಂಪನಿಯೊಂದನ್ನು ಹುಡುಕಹೊರಟರೆ ದಾರಿ ತಪ್ಪುತ್ತದೆ. ಅದು 1925ರಲ್ಲಿಯೇ ಡಿಸ್ಟಿಲರ್ಸ್ ಕಂಪನಿ ಎಂಬ ದೊಡ್ಡ ಕೂಟಕ್ಕೆ ಸೇರಿತು. ಆ ಕೂಟವನ್ನು 1986ರಲ್ಲಿ ಗಿನ್ನೆಸ್ ಕೊಂಡಿತು. 1997ರಲ್ಲಿ ಗಿನ್ನೆಸ್ ಮತ್ತು ಗ್ರ್ಯಾಂಡ್ ಮೆಟ್ರೊಪಾಲಿಟನ್ ಒಂದಾಗಿ ಡಿಯಾಜಿಯೊ ಆಯಿತು. ಸ್ಕಾಚ್ ಲೋಕದಲ್ಲಿ ಹಳೆಯ ಮನೆತನದ ಹೆಸರನ್ನು ಹೊಸ ಯಜಮಾನ ಹಾಗೆಯೇ ಉಳಿಸಿಕೊಳ್ಳುವುದು ವಾಡಿಕೆ. ಬೆಂಗಳೂರಿನವರಿಗೆ ಇದರ ಹತ್ತಿರದ ಉದಾಹರಣೆಯೊಂದು ಗೊತ್ತಿರುತ್ತದೆ: ಗ್ಲಾಸ್ಗೊದ ವೈಟ್ ಅಂಡ್ ಮೆಕೇಯನ್ನು ವಿಜಯ್ ಮಲ್ಯ ಅವರ ಯುನೈಟೆಡ್ ಸ್ಪಿರಿಟ್ಸ್ 2007ರಲ್ಲಿ 59.5 ಕೋಟಿ ಪೌಂಡಿಗೆ ಕೊಂಡಿತು, 2014ರಲ್ಲಿ ಅದು ಫಿಲಿಪ್ಪೀನ್ಸ್‌ನ ಎಂಪೆರಡಾರ್ ಪಾಲಾಯಿತು. ಈ ಏಳು ವರ್ಷಗಳಲ್ಲಿ ಯಜಮಾನಿಕೆ ಗ್ಲಾಸ್ಗೊದಿಂದ ಬೆಂಗಳೂರಿಗೆ ಬಂದು ಹೋದದ್ದರ ಗುರುತು ಬಾಟಲಿಯ ಮುಂಭಾಗದ ಹೆಸರಿನಲ್ಲಿ ಎಲ್ಲಿಯೂ ಇಲ್ಲ. ಆದ್ದರಿಂದ ಸಣ್ಣ ಕಂಪನಿಯ ಹೆಸರನ್ನು ಕಂಡಾಗ ಅದರ ಹಿಂದಿರುವ ಈಗಿನ ದೊಡ್ಡ ಕಂಪನಿ ಯಾವುದೆಂದು ಮತ್ತೊಂದು ಹೆಜ್ಜೆ ಹುಡುಕಬೇಕಾಗುತ್ತದೆ.

ಬಾಟಲಿಯ ಕಾಲವನ್ನು ನಿರ್ಣಯಿಸುವುದು ಈ ಇಡೀ ಕೆಲಸದಲ್ಲಿ ಅತ್ಯಂತ ರಸವತ್ತಾದ ಭಾಗ. ಕಾನೂನುಗಳು ಬದಲಾದಾಗಲೆಲ್ಲ ಲೇಬಲ್ಲು ಬದಲಾಗಬೇಕಾಗುತ್ತದೆ, ಹಾಗಾಗಿ ಪ್ರತಿಯೊಂದು ಬದಲಾವಣೆಯೂ ಒಂದು ಕಾಲದ ಗಡಿಕಲ್ಲು. ಬ್ರಿಟನ್ನಿನಲ್ಲಿ 1980ರವರೆಗೆ ಮದ್ಯಸಾರದ ಪ್ರಮಾಣವನ್ನು ‘ಪ್ರೂಫ್’ ಎಂಬ ಹಳೆಯ ಅಳತೆಯಲ್ಲಿ ಹೇಳುತ್ತಿದ್ದರು. ಅಲ್ಲಿನ 70 ಡಿಗ್ರಿ ಪ್ರೂಫ್ ಇಂದಿನ ಶೇ. 40ಕ್ಕೆ ಸಮ. ಅಮೆರಿಕದ ಪ್ರೂಫ್ ಇದಕ್ಕಿಂತ ಬೇರೆ. ಅಲ್ಲಿ 80 ಪ್ರೂಫ್ ಎಂದರೆ ಶೇ. 40. ಎರಡನ್ನೂ ಬೆರೆಸಿಕೊಂಡರೆ ಲೆಕ್ಕ ಕೆಡುತ್ತದೆ. ಬ್ರಿಟನ್ನಿನ ಬಾಟಲಿಯಲ್ಲಿ 75 ಸೆಂಟಿಲೀಟರ್ ಎಂದಿದ್ದರೆ ಅದು 1990ರ ದಶಕದ ಆರಂಭಕ್ಕಿಂತ ಹಿಂದಿನದಿರಬಹುದು. ಆಮೇಲೆ ಯುರೋಪಿನಲ್ಲಿ 70 ಬಂತು. ಆದರೆ ಅಮೆರಿಕ ಮತ್ತು ಭಾರತಕ್ಕೆ ಕಳಿಸುವ ಬಾಟಲಿಗಳಲ್ಲಿ 750 ಮಿಲಿಲೀಟರ್ ಇಂದಿಗೂ ಸಾಮಾನ್ಯ, ಆದ್ದರಿಂದ ಈ ಸುಳಿವನ್ನು ಬಾಟಲಿ ಯಾವ ದೇಶಕ್ಕೆ ಹೋಗಿತ್ತೆಂದು ತಿಳಿದ ಮೇಲಷ್ಟೇ ಬಳಸಬೇಕು. ಈ ಬಾಟಲಿಯನ್ನು ಮರುಬಳಕೆ ಮಾಡುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ ಎಂಬ ಇಂಗ್ಲಿಷ್ ವಾಕ್ಯ ಗಾಜಿನಲ್ಲಿಯೇ ಉಬ್ಬಿದ್ದರೆ ಅದು 1935ರಿಂದ 1964ರ ನಡುವೆ ಅಮೆರಿಕದ ಮಾರುಕಟ್ಟೆಗಾಗಿ ತಯಾರಾದ ಬಾಟಲಿ. ಗರ್ಭಿಣಿಯರನ್ನು ಎಚ್ಚರಿಸುವ ಅಲ್ಲಿನ ಸರ್ಕಾರಿ ಸೂಚನೆ ಇದ್ದರೆ 1989ರ ನಂತರದ್ದು. ಪಟ್ಟಿಗೆರೆಗಳ ಬಾರ್‌ಕೋಡ್ ಇಲ್ಲದಿದ್ದರೆ ಹಳೆಯದಿರಬಹುದು. ಇದ್ದರೆ ಅದರ ಮೊದಲ ಅಂಕಿಗಳು ಆ ಸಂಖ್ಯೆಯನ್ನು ಪಡೆದ ಕಂಪನಿ ನೋಂದಾಯಿಸಿಕೊಂಡ ದೇಶವನ್ನು ಸೂಚಿಸುತ್ತವೆ, ವಿಸ್ಕಿ ತಯಾರಾದ ದೇಶವನ್ನಲ್ಲ. ಬ್ರಿಟನ್ನಿಗೆ 50, ಭಾರತಕ್ಕೆ 890.

ಗಾಜಿನ ಮೇಲೆ, ಸಾಮಾನ್ಯವಾಗಿ ತಳದ ಹತ್ತಿರ, ‘ಎಲ್’ ಅಕ್ಷರದಿಂದ ಶುರುವಾಗುವ ಮಸುಕಾದ ಮುದ್ರೆಯೊಂದಿದ್ದರೆ ಅದು ಲಾಟ್ ಸಂಖ್ಯೆ, ಅಂದರೆ ಒಂದೇ ಕಂತಿನಲ್ಲಿ ತಯಾರಾದ ಬಾಟಲಿಗಳ ಗುರುತು. ಯುರೋಪಿನಲ್ಲಿ ಇದು ಕಡ್ಡಾಯವಾದದ್ದು 1990ರ ದಶಕದ ಹೊತ್ತಿಗೆ. ಕೆಲವು ದೊಡ್ಡ ಕಂಪನಿಗಳ ಸಂಖ್ಯೆಯಲ್ಲಿ ಮೊದಲ ಅಂಕಿ ಇಸವಿಯ ಕೊನೆಯ ಅಂಕಿಯಾಗಿಯೂ ನಂತರದ ಮೂರು ಅಂಕಿಗಳು ಆ ವರ್ಷದ ಎಷ್ಟನೆಯ ದಿನವೆಂಬುದಾಗಿಯೂ ಇರುತ್ತವೆ. 8046 ಎಂದರೆ 8ರಲ್ಲಿ ಮುಗಿಯುವ ವರ್ಷದ ಫೆಬ್ರವರಿ 15. ಅದು 1998ರದೋ 2008ರದೋ ಎಂಬುದನ್ನು ಮಿಕ್ಕ ಸುಳಿವುಗಳಿಂದ ಕಂಡುಕೊಳ್ಳಬೇಕು. ಈ ಮುದ್ರೆಯನ್ನು ಯಾರಾದರೂ ಕೆರೆದು ಹಾಕಿದ್ದರೆ ಬಾಟಲಿ ಅಧಿಕೃತ ದಾರಿಯನ್ನು ಬಿಟ್ಟು ಬಂದಿರಬಹುದೆಂಬ ಅನುಮಾನ ಸಹಜ.

ನನ್ನ ಬಾಟಲಿಯಲ್ಲಿ ಈ ಮುದ್ರೆಯೂ ಇರಲಿಲ್ಲ, ಬಾರ್‌ಕೋಡೂ ಇರಲಿಲ್ಲ. ಪ್ರಮಾಣ 760 ಮಿಲಿಲೀಟರ್, ಮದ್ಯಸಾರ ಶೇ. 43. ಕಾಲವನ್ನು ಖಚಿತಪಡಿಸಿದ್ದು ಮೂಲ ಲೇಬಲ್ಲಿಗಿಂತ ಬೇರೆಯಾಗಿ ಅಂಟಿಸಿದ್ದ ಒಂದು ಪುಟ್ಟ ಜಪಾನೀ ಚೀಟಿ. ಅದರ ಮೇಲಿದ್ದ ಎರಡು ಚಿತ್ರಾಕ್ಷರಗಳನ್ನು ‘ತೊಕ್ಕ್ಯೂ’ ಎಂದು ಓದಬೇಕು. ವಿಶೇಷ ದರ್ಜೆ ಎಂದು ಅರ್ಥ. ಜಪಾನಿನ ಮದ್ಯ ತೆರಿಗೆ ಪದ್ಧತಿಯಲ್ಲಿ ವಿಸ್ಕಿಗೆ ವಿಶೇಷ, ಮೊದಲ ಮತ್ತು ಎರಡನೆಯ ದರ್ಜೆಗಳಿದ್ದವು, ಮೇಲಿನ ದರ್ಜೆಗೆ ಹೆಚ್ಚು ತೆರಿಗೆ. ಈ ವಿಂಗಡಣೆಯನ್ನು 1989ರ ಏಪ್ರಿಲ್‌ನಲ್ಲಿ ರದ್ದುಪಡಿಸಿದರು. ಹೀಗಾಗಿ ಆ ಚೀಟಿಯಿರುವ ಯಾವ ಬಾಟಲಿಯೂ ಅದಕ್ಕಿಂತ ಹಿಂದಿನದೇ. ಮಾವ ಜಪಾನಿನಲ್ಲಿದ್ದ ವರ್ಷಗಳಿಗೆ ಇದು ಸರಿಯಾಗಿ ಹೊಂದಿತು. ಬ್ರಿಟನ್ನಿನಲ್ಲಿ ಅಷ್ಟೇನೂ ಕಾಣಸಿಗದ ಓಲ್ಡ್ ಪಾರ್ ಜಪಾನಿನಲ್ಲಿಯೂ ಕೊಲಂಬಿಯಾದಲ್ಲಿಯೂ ಬಹಳ ಜನಪ್ರಿಯ. ಅದನ್ನು ಮೆಚ್ಚುತ್ತಿದ್ದವರಲ್ಲಿ ಜಪಾನಿನ ಪ್ರಧಾನಿಯಾಗಿದ್ದ ತನಾಕಾ ಕಾಕುಯೇ ಒಬ್ಬರು. ಬಾಟಲಿಯನ್ನು ತಳದ ಒಂದು ಮೂಲೆಯ ಮೇಲೆ ಓರೆಯಾಗಿ ನಿಲ್ಲಿಸಬಹುದು, ಬೀಳುವುದಿಲ್ಲ. ರಾಜಕಾರಣಿಗಳಿಗೆ ಅದು ಶುಭಶಕುನವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅಪರಿಚಿತವೆಂದು ನಮಗೆ ಕಾಣುವ ಸ್ಕಾಚ್ ಬೇರೊಂದು ದೇಶದಲ್ಲಿ ಮನೆಮಾತಾಗಿರುವುದು ಅಪರೂಪವೇನಲ್ಲ, ಏಕೆಂದರೆ ಒಂದೊಂದು ಮಾರುಕಟ್ಟೆಗೆಂದೇ ಬೆಳೆಸಿದ ಹೆಸರುಗಳು ಈ ಉದ್ಯಮದಲ್ಲಿ ಬಹಳ ಇವೆ.

ಉಡುಗೊರೆ ಭಾರತದಲ್ಲಿಯೇ ಕೊಂಡದ್ದಾದರೆ ಓದುವ ಕ್ರಮ ಸ್ವಲ್ಪ ಬೇರೆ. ಇಲ್ಲಿ ಮಾರುವ ಸ್ಕಾಚಿನಲ್ಲಿ ಸ್ಕಾಟ್ಲೆಂಡಿನಲ್ಲಿಯೇ ಬಾಟಲಿಗೆ ತುಂಬಿ ಬಂದದ್ದೂ ಇದೆ, ದೊಡ್ಡ ಪ್ರಮಾಣದಲ್ಲಿ ತರಿಸಿ ಇಲ್ಲಿ ತುಂಬಿದ್ದೂ ಇದೆ. ಸಿಂಗಲ್ ಮಾಲ್ಟನ್ನು ಸ್ಕಾಟ್ಲೆಂಡಿನಲ್ಲಿಯೇ ತುಂಬಬೇಕೆಂಬ ಕಡ್ಡಾಯ ಬ್ಲೆಂಡೆಡ್ ಸ್ಕಾಚಿಗೆ ಇಲ್ಲವಾದ್ದರಿಂದ ಎರಡೂ ನ್ಯಾಯವಾದ ಸ್ಕಾಚೇ. ಬಾಟಲಿಯ ಮೇಲೆ ಶೇ. 42.8 ಎಂಬ ವಿಚಿತ್ರ ಸಂಖ್ಯೆ ಕಂಡರೆ ಅದು ಭಾರತದ ಮಾರುಕಟ್ಟೆಗೆ ತುಂಬಿದ್ದೆಂದು ಬಹುಮಟ್ಟಿಗೆ ಹೇಳಬಹುದು. ಬ್ರಿಟಿಷರ ಕಾಲದ 75 ಡಿಗ್ರಿ ಪ್ರೂಫನ್ನು ಶೇಕಡಾವಾರಿಗೆ ಬದಲಾಯಿಸಿದಾಗ ಬರುವ ಅಂಕಿ ಅದು. ಬ್ರಿಟನ್ ಕೈಬಿಟ್ಟ ಅಳತೆಯನ್ನು ನಮ್ಮ ಅಬಕಾರಿ ಲೆಕ್ಕ ಇನ್ನೂ ಜೋಪಾನ ಮಾಡಿಕೊಂಡು ಬಂದಿದೆ.

ಹೆಚ್ಚು ಎಚ್ಚರ ಬೇಕಾದದ್ದು ಸ್ಕಾಚ್ ಎಂಬ ಪದ ಇದ್ದೂ ಸ್ಕಾಚ್ ಅಲ್ಲದ ಬಾಟಲಿಗಳ ವಿಷಯದಲ್ಲಿ. ಆಮದಾದ ಸ್ಕಾಚ್ ಮಾಲ್ಟ್ ಮತ್ತು ಭಾರತೀಯ ಧಾನ್ಯ ಮದ್ಯಸಾರಗಳ ಮಿಶ್ರಣ ಎಂದು ಬರೆದಿರುವ ವಿಸ್ಕಿಗಳು ಭಾರತೀಯ ವಿಸ್ಕಿಗಳು. ಅವು ಕೆಟ್ಟವೆಂದಲ್ಲ, ಆದರೆ ಸ್ಕಾಚ್ ಅಲ್ಲ. ಕಾಕಂಬಿಯ ಮದ್ಯಸಾರದಿಂದ ತಯಾರಾದ ಪೇಯವನ್ನೂ ನಮ್ಮಲ್ಲಿ ವಿಸ್ಕಿ ಎನ್ನುವುದುಂಟು; ಯುರೋಪಿನಲ್ಲಿ ಅದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಹೆಸರಿನ ಗೊಂದಲಕ್ಕೆ ನಮ್ಮ ಬೆಂಗಳೂರಿನದೇ ಪ್ರಸಿದ್ಧ ಮೊಕದ್ದಮೆಯೊಂದಿದೆ. ಖೋಡೆ ಸಂಸ್ಥೆ 1968ರಿಂದ ತಯಾರಿಸುತ್ತಿದ್ದ ‘ಪೀಟರ್ ಸ್ಕಾಟ್’ ಎಂಬ ಭಾರತೀಯ ವಿಸ್ಕಿಯ ಹೆಸರು ಜನರನ್ನು ದಾರಿತಪ್ಪಿಸುತ್ತದೆಂದು ಸ್ಕಾಚ್ ವಿಸ್ಕಿ ಅಸೋಸಿಯೇಷನ್ 1986ರಲ್ಲಿ ಆಕ್ಷೇಪಿಸಿತು. ವಿಷಯ ತಿಳಿದ ಮೇಲೂ ಆ ಸಂಘ ವರ್ಷಗಟ್ಟಲೆ ಸುಮ್ಮನಿದ್ದುದನ್ನೂ, ಸ್ಕಾಚ್ ಕೊಳ್ಳುವಂತಹ ಗ್ರಾಹಕರಿಗೆ ವ್ಯತ್ಯಾಸ ತಿಳಿದಿರುತ್ತದೆಂಬುದನ್ನೂ ಪರಿಗಣಿಸಿ ಸುಪ್ರೀಂ ಕೋರ್ಟ್ 2008ರಲ್ಲಿ ಖೋಡೆಯವರ ಪರವಾಗಿ ತೀರ್ಪಿತ್ತಿತು. ಕೊಳ್ಳುವವನಿಗೆ ತಿಳಿದಿರುತ್ತದೆ ಎಂಬುದು ಸರಿ. ಕಾಗದ ಸುತ್ತಿದ ಬಾಟಲಿಯನ್ನು ಮದುವೆಮನೆಯಲ್ಲಿ ಕೈಗೆ ಹಾಕಿಸಿಕೊಂಡವನಿಗೂ ತಿಳಿದಿರಬೇಕೆಂದಿಲ್ಲವಲ್ಲ.

ಇನ್ನು ಬಾಟಲಿಯ ಆರೋಗ್ಯ. ವಿಸ್ಕಿ ಪಕ್ವವಾಗುವುದು ಮರದ ಪೀಪಾಯಿಯಲ್ಲಿ, ಗಾಜಿನಲ್ಲಲ್ಲ. 1980ರ ದಶಕದಲ್ಲಿ ತುಂಬಿದ 12 ವರ್ಷದ ವಿಸ್ಕಿ ಇಂದಿಗೂ 12 ವರ್ಷದ್ದೇ. ಹಳೆಯ ಬಾಟಲಿಯಲ್ಲಿ ಮೊದಲು ನೋಡಬೇಕಾದದ್ದು ದ್ರವದ ಮಟ್ಟ: ಕತ್ತಿನಲ್ಲಿದ್ದರೆ ಉತ್ತಮ, ಭುಜದ ಕೆಳಗೆ ಇಳಿದಿದ್ದರೆ ಮುಚ್ಚಳದ ಮೂಲಕ ಆವಿಯಾಗಿದೆಯೆಂದರ್ಥ ಮತ್ತು ರುಚಿ ಕುಂದಿರಬಹುದು. ಮುಚ್ಚಳದ ಮೊಹರು ಹರಿದಿದ್ದರೆ, ಲೇಬಲ್ಲಿನ ಅಕ್ಷರಗಳಲ್ಲಿ ತಪ್ಪುಗಳಿದ್ದರೆ, ಒಂದೇ ಬಾಟಲಿಯ ಸುಳಿವುಗಳು ಪರಸ್ಪರ ಬೇರೆ ಬೇರೆ ಕಾಲವನ್ನು ಹೇಳುತ್ತಿದ್ದರೆ ಕುಡಿಯದಿರುವುದೇ ಸರಿ. ನಕಲಿ ಮದ್ಯದ ಅಪಾಯದ ಮುಂದೆ ಕೊಟ್ಟವರ ದಾಕ್ಷಿಣ್ಯ ದೊಡ್ಡದಲ್ಲ. ತೀರ ಹಳೆಯ ಬಾಟಲಿಗಳ ಕತ್ತಿನ ಲೋಹದ ಹೊದಿಕೆಯಲ್ಲಿ ಸೀಸವಿರುವ ಸಾಧ್ಯತೆಯಿರುವುದರಿಂದ ತೆರೆದ ಮೇಲೆ ಬಾಯನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ವೈನಿನಂತೆ ಮಲಗಿಸಿಡಬಾರದು, ಏಕೆಂದರೆ ಪ್ರಬಲವಾದ ಮದ್ಯಸಾರ ಬಿರಡೆಯನ್ನು ತಿನ್ನುತ್ತದೆ. ನೆಟ್ಟಗೆ ನಿಲ್ಲಿಸಿ ಬಿಸಿಲು ತಾಗದ ಕಡೆ ಇಡಬೇಕು.

ಇಷ್ಟನ್ನೂ ಕೂಡಿಸಿ ಮಾವನಿಗೆ ಫೋನಿನಲ್ಲಿ ಹೇಳಿದೆ: ಇದು ಬ್ಲೆಂಡೆಡ್ ಸ್ಕಾಚ್, ಪೀಪಾಯಿಯಲ್ಲಿ ಕನಿಷ್ಠ 12 ವರ್ಷ ಇದ್ದದ್ದು, ಜಪಾನಿನ ಮಾರುಕಟ್ಟೆಗಾಗಿ 1989ಕ್ಕೆ ಮೊದಲು ತುಂಬಿದ್ದು, ಇಂದಿನ ಒಡೆತನ ಡಿಯಾಜಿಯೊದ್ದು, ಮೊಹರು ಗಟ್ಟಿಯಾಗಿದೆ, ಮಟ್ಟ ಕತ್ತಿನಿಂದ ಒಂದು ಬೆರಳಿನಷ್ಟು ಕೆಳಗಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಆ ಮೂಲೆಯ ಮೇಲೆ ನಿಲ್ಲಿಸುವ ಆಟವನ್ನು ಸಹೋದ್ಯೋಗಿ ಅಂದು ಮೇಜಿನ ಮೇಲೆ ಮಾಡಿ ತೋರಿಸಿದ್ದು ಈಗ ನೆನಪಾಯಿತೆಂದರು.